ನೀರುಣ್ಣದ ಗೋಡೆ

ಕುಳ್ಳ ಮೇಸ್ತ್ರಿ ಕರಣೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತಾ ಅಡುಗೆಮನೆಯ ಕಿಟಕಿಯವರೆಗೆ ಬಂದ. ಮೂಲೆಯಲ್ಲಿ ಟಕ್ ಟಕ್ ಎಂದು ಗಟ್ಟಿಯಾಗಿ ಓಗೊಡುತ್ತಿದ್ದ ಪ್ಲಾಸ್ಟರು ಕಿಟಕಿಯ ಹತ್ತಿರ ಡಬ್ ಡಬ್ ಎನ್ನತೊಡಗಿತು, ಖಾಲಿ ಡಬ್ಬ ಬಡಿದ ಹಾಗೆ. ಇನ್ನೊಮ್ಮೆ ತಟ್ಟಿದ. ಸದ್ದು ಬದಲಾಗಲಿಲ್ಲ.

"ಏನಾಗಿದೆ ಚಿಕ್ಕಪ್ಪ?" ಎಂದಳು ಹಿಂದೆ ನಿಂತಿದ್ದ ಮನೆಯ ಮಗಳು. ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿದ್ದಳು.

"ಇಟ್ಟಿಗೆ ಕೈ ಬಿಟ್ಟಿದೆ ಕಣಮ್ಮ. ಮೇಲ್ನೋಟಕ್ಕೆ ಗೋಡೆ, ಒಳಗೆ ಹಿಡಿತಾನೇ ಇಲ್ಲ."

ಹಿತ್ತಿಲ ಕಡೆಯ ಆ ಗೋಡೆಯ ತುಂಬ ಜೇಡರ ಬಲೆಯಂಥ ಸಣ್ಣ ಬಿರುಕುಗಳಿದ್ದವು. ಕಿಟಕಿಯ ಮೂಲೆಯಿಂದ ಹೊರಟಿದ್ದ ಇನ್ನೊಂದು ಬಿರುಕಿನಲ್ಲಿ ಉಗುರು ತೂರುತ್ತಿತ್ತು. ಮಳೆ ಬಂದರೆ ನೀರು ಅಲ್ಲಿಂದಲೇ ಒಳಗಿಳಿದು ಪಕ್ಕದ ಮಲಗುವ ಕೋಣೆಯೆಲ್ಲ ಬೂಷ್ಟಿನ ವಾಸನೆ. ಮಗಳ ಕೆಮ್ಮು ಹೋದ ಮಳೆಗಾಲದಿಂದ ನಿಂತಿರಲಿಲ್ಲ. ಅದನ್ನೂ ಹೇಗೋ ಸಹಿಸಿಕೊಂಡಿದ್ದರು. ಆದರೆ ಹೋದ ವಾರ ಬಾಗಿಲ ಹಲಗೆಯಷ್ಟು ಅಗಲದ ಪ್ಲಾಸ್ಟರು ಒಗೆಯುವ ಕಲ್ಲಿನ ಮೇಲೆ ಕಳಚಿ ಬಿತ್ತು. ಅಮ್ಮ ಬಟ್ಟೆ ಹಿಂಡಿ ಬಕೆಟ್ಟು ಎತ್ತಿಕೊಂಡು ಆಗಷ್ಟೇ ಒಳಗೆ ಹೋಗಿದ್ದಳು.

ಗೋಡೆ ಬೇರೆ ಯಾರದೋ ಕೆಲಸವಾಗಿದ್ದರೆ ಕುಳ್ಳ ಬೈದುಕೊಂಡು ಸುತ್ತಿಗೆ ಎತ್ತುತ್ತಿದ್ದ. ಇದು ಈ ಮನೆಯ ಯಜಮಾನನಾಗಿದ್ದ ಕನ್ನಡಿ ಮೇಸ್ತ್ರಿಯ ಕೆಲಸ. ಮುಖ ನೋಡಿಕೊಂಡು ತಲೆ ಬಾಚಬಹುದು ಎನ್ನುವಷ್ಟು ನುಣುಪಾಗಿ ಗೋಡೆ ಮಾಡುತ್ತಿದ್ದುದರಿಂದ ಆತನಿಗೆ ಆ ಹೆಸರು. ಮೀಸೆ ಮೂಡುವ ಕಾಲದಿಂದ ಇಬ್ಬರೂ ಕೆಲಸದಲ್ಲಿ ಜೋಡಿ. ಆತ ಆಳೆತ್ತರದವನು, ಇವನು ಆತನ ಎದೆಮಟ್ಟ. "ಮೇಲಿನ ಅರ್ಧ ಕನ್ನಡಿಗೆ, ಕೆಳಗಿನ ಅರ್ಧ ಕುಳ್ಳನಿಗೆ" ಎಂದು ಜನ ನಗುತ್ತಿದ್ದರು. ಹಾಗೆಯೇ ಎಷ್ಟೋ ಮನೆಗಳು ಎದ್ದವು. ಕನ್ನಡಿ ಮೇಸ್ತ್ರಿಯ ಸ್ವಂತ ಮನೆಯ ಹಿತ್ತಿಲ ಗೋಡೆ ಮಾತ್ರ ಬರೀ ಇಟ್ಟಿಗೆಯಲ್ಲೇ ಉಳಿದಿತ್ತು. "ಊರಿಗೆಲ್ಲ ಅಂಗಿ ಹೊಲಿಯೋ ದರ್ಜಿ, ಮನೆಯವ್ರಿಗೆ ಚಿಂದಿ" ಎಂದು ಹೆಂಡತಿ ಆಗಾಗ ಚುಚ್ಚುತ್ತಿದ್ದಳು. ಕೊನೆಗೊಂದು ಬೇಸಿಗೆಯಲ್ಲಿ ಆತ, "ನನ್ನ ಮನೆ ಗೋಡೆ, ನಾನೊಬ್ನೇ ಮಾಡ್ಬೇಕು, ನೀನು ಬರ್ಬೇಡ" ಎಂದು ಕುಳ್ಳನನ್ನೂ ದೂರವಿಟ್ಟು ಗಾರೆ ಕಲಸಿದ. ಗೋಡೆ ಮುಗಿದ ಮರುದಿನ ಎದೆ ಒತ್ತಿ ಹಿಡಿದು ಅಂಗಳದಲ್ಲಿ ಕುಸಿದು ಕೂತ. ಆಸ್ಪತ್ರೆಗೆ ಹೋದವನು ನಡೆದು ವಾಪಸಾಗಲಿಲ್ಲ.

ಮಗಳು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಚಿಕ್ಕಪ್ಪ, ನಿಮ್ಮನ್ನೇ ಕರೆಸಿದ್ದಕ್ಕೆ ಕಾರಣ ಇದೆ. ಅಮ್ಮ ಇದನ್ನ ತಲೆ ಮೇಲೆ ಹೊತ್ಕೊಂಡುಬಿಟ್ಟಿದ್ದಾರೆ. ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹಾಕು ಅಂತ ಅಪ್ಪ ಹೇಳಿದ್ರಂತೆ. ಅಮ್ಮ ಆಸ್ಪತ್ರೆ ಬಿಟ್ಟು ಕದಲ್ಲೇ ಇಲ್ಲ. ಅಪ್ಪ ದಿನಾ ಕೇಳೋರು, ನೀರು ಹಾಕಿದ್ಯಾ ಅಂತ. ಇವ್ರು ದಿನಾ, ಹಾಕ್ದೆ ಅನ್ನೋರು. ಸಾಯೋವ್ರಿಗೆ ಸುಳ್ಳು ಹೇಳ್ದೆ, ಅವ್ರ ಗೋಡೇನೂ ಕೊಂದೆ ಅಂತ ಈಗ ಒಬ್ರೇ ಕೂತು ಅಳ್ತಾರೆ. ನಿಜವಾಗ್ಲೂ ಅದರಿಂದಾನೇ ಬಿರುಕು ಬಿಟ್ಟಿದ್ದಾ?"

ಕುಳ್ಳ ಬಗ್ಗಿದ. ಕೆಳಗೆ ಬಿದ್ದಿದ್ದ ಪ್ಲಾಸ್ಟರಿನ ತುಂಡೊಂದನ್ನು ಎತ್ತಿ ಅದರ ಬೆನ್ನು ತಿರುಗಿಸಿ ನೋಡಿದ. ಇಟ್ಟಿಗೆಯ ಕೆಂಪು ಪುಡಿ ಹಿಟ್ಟಿನಂತೆ ಅಂಟಿಕೊಂಡಿತ್ತು. ತುಂಡಿನ ದಪ್ಪ ಅವನ ಮೂರು ಬೆರಳಿನಷ್ಟು, ಅದೂ ಒಂದೇ ಪದರ. ಆಮೇಲೆ ಸ್ಟೂಲು ತರಿಸಿ, ಹತ್ತಿ, ಸಮವಿದೆಯೇ ಎಂದು ನೋಡಲು ಗೋಡೆಯ ಮೇಲರ್ಧಕ್ಕೆ ಮಟ್ಟಗೋಲು ಹಿಡಿದ. ಕೋಲಿನಡಿಯಿಂದ ಬೆಳಕು ಇಣುಕಿತು. ಕನ್ನಡಿ ಮೇಸ್ತ್ರಿಯ ಗೋಡೆಯಲ್ಲಿ ಕೋಲಿನಡಿ ಕಾಗದ ತೂರಿದ್ದನ್ನೂ ಅವನು ಕಂಡವನಲ್ಲ. ಹತ್ತಿರದಿಂದ ನೋಡಿದರೆ ಸುಣ್ಣದ ಕೆಳಗೆ ಕರಣೆಯ ಗುರುತು ಗಿಡ್ಡಗಿಡ್ಡಕ್ಕೆ, ಒಂದರ ಮೇಲೊಂದು ಬಿದ್ದಿತ್ತು. ತೋಳೆತ್ತಿ ಒಂದೇ ಎಳೆತಕ್ಕೆ ಗಜದಷ್ಟು ಬಳಿಯುತ್ತಿದ್ದ ಕೈ, ಇಲ್ಲಿ ಗೇಣು ಗೇಣಿಗೂ ನಿಂತು ಸುಧಾರಿಸಿಕೊಂಡಿತ್ತು. ಕುಳ್ಳ ಆ ಗುರುತುಗಳ ಮೇಲೆ ಬೆರಳಾಡಿಸಿದ. 'ಅಷ್ಟು ಸುಸ್ತಾಗಿದ್ರೂ ಬಾರೋ ಅಂತ ಒಂದು ಮಾತು ಹೇಳ್ಲಿಲ್ವಲ್ಲ ಅಣ್ಣ' ಎಂದುಕೊಂಡ.

ಅಷ್ಟರಲ್ಲಿ ತಾಯಿ ಟೀ ತಂದಳು. "ನೋಡಿದ್ರಾ? ಹುಟ್ಟಿದಾಗಿನಿಂದ ನೀರು ಕಾಣದ ಗೋಡೆ. ನನ್ನ ಕೈಯಾರೆ ಹಾಳಾಯ್ತು."

ಕುಳ್ಳ ಸ್ಟೂಲಿನಿಂದ ಇಳಿದ. ಮಗಳು ಅವನನ್ನೇ ನೋಡುತ್ತಿದ್ದಳು.

"ಇಲ್ಲ ಅತ್ತಿಗೆ, ನಿಮ್ಮಿಂದ ಅಲ್ಲ. ಗೋಡೆಗೆ ಮುಖ ತೊಳೆಸ್ದೆ ಪೌಡರ್ ಹಚ್ಬಾರ್ದು ಅಂತ ಅಣ್ಣನೇ ಹೇಳ್ತಿದ್ದ, ನೆನಪಿದ್ಯಾ? ಈ ಗೋಡೆಗೆ ಮುಖ ತೊಳೆಸೇ ಇಲ್ಲ. ಬಿಸಿಲಿಗೆ ಕಾದ ಇಟ್ಟಿಗೆ ಮೇಲೆ ನೀರು ಹಾಕ್ದೆ ಹಾಗೇ ಬಳಿದಿದ್ದಾನೆ. ಗಾರೆಯಲ್ಲಿದ್ದ ನೀರನ್ನೆಲ್ಲ ಇಟ್ಟಿಗೆ ಅವತ್ತೇ ಕುಡಿದುಬಿಟ್ಟಿದೆ. ಎರಡು ಸಲ ತೆಳ್ಳಗೆ ಹಾಕೋದನ್ನ ಒಂದೇ ಸಲ ದಪ್ಪಗೆ ಹಾಕಿದ್ದಾನೆ. ಆಮೇಲೆ ನೀವು ಕೊಡಗಟ್ಲೆ ಸುರಿದಿದ್ರೂ ಇದು ನಿಲ್ತಿರ್ಲಿಲ್ಲ."

"ಅವ್ರಿಗೆ ಅಷ್ಟೂ ಗೊತ್ತಿರ್ಲಿಲ್ವಾ?" ಆಕೆಯ ದನಿ ಏರಿತು.

"ಗೊತ್ತಿತ್ತು ಅತ್ತಿಗೆ. ಕೈಲಿ ಆಗ್ತಿರ್ಲಿಲ್ಲ. ತೊಟ್ಟಿಯಿಂದ ಬಕೆಟ್ ಎತ್ತಿ ತರೋ ಶಕ್ತಿ ಇರ್ಲಿಲ್ಲ ಅನ್ಸುತ್ತೆ."

ಇಷ್ಟು ಹೇಳಿದರೆ ಆಕೆಯ ಎದೆಯ ಭಾರ ಇಳಿದೀತು ಎಂದುಕೊಂಡಿದ್ದ. ಆಕೆ ಅವನನ್ನು ನೋಡಲಿಲ್ಲ. ತಿರುಗಿ ಅಡುಗೆಮನೆಯ ಕಿಟಕಿಯನ್ನು ನೋಡಿದಳು. ಒಳಗೆ ಒಲೆ, ಒಲೆಯ ಪಕ್ಕ ಆಕೆ ನಿಲ್ಲುವ ಜಾಗ ಕಾಣುತ್ತಿತ್ತು.

"ನಾನು ಅಲ್ಲೇ ಇದ್ದೆ" ಎಂದಳು ಮೆಲ್ಲಗೆ. "ಕರಣೆ ಸದ್ದು ಕೇಳ್ತಾನೇ ಇತ್ತು. ನಡುನಡುವೆ ನಿಲ್ತಿತ್ತು. ಬೀಡಿ ಹಚ್ಚಿರ್ಬೇಕು ಅನ್ಕೋತಿದ್ದೆ. ಒಂದು ಸಲ ಅಂದೂಬಿಟ್ಟೆ, 'ಏನು, ಗೋಡೆ ಜೊತೆ ಮಾತಾಡ್ತಿದೀರಾ, ಬೇಗ ಮುಗಿಸಿ' ಅಂತ. ನಕ್ರು." ಆಕೆಯ ಕೈ ಕಿಟಕಿಯ ಸರಳನ್ನು ಹಿಡಿಯಿತು. "ಒಂದು ಬಕೆಟ್ ನೀರು ಎತ್ತಕ್ಕಾಗ್ದೆ ಇಲ್ಲಿ ನಿಂತಿದ್ರಾ? ನಾನು ಒಳಗೆ ಒಗ್ಗರಣೆ ಹಾಕ್ತಾ ಇದ್ನಾ?"

ಕುಳ್ಳನಿಗೆ ತಾನು ಮಾಡಿದ್ದು ಅರ್ಥವಾಯಿತು. ಆಕೆ ಇಷ್ಟು ದಿನ ಹೊತ್ತಿದ್ದ ಕಲ್ಲನ್ನು ಇಳಿಸಲು ಹೋಗಿ ಬಂಡೆಯನ್ನೇ ಹೊರಿಸಿದ್ದ. ಅವನು ಬಗ್ಗಿ ಇನ್ನೊಂದು ತುಂಡು ಎತ್ತಿಕೊಂಡ. ಅದರ ಬೆನ್ನಿಗೂ ಅದೇ ಕೆಂಪು ಪುಡಿ. ಹೆಬ್ಬೆರಳಿನಿಂದ ಉಜ್ಜಿ ಒರೆಸಿ ಬೆಳಕಿಗೆ ಹಿಡಿದ.

"ತಡೀರಿ ಅತ್ತಿಗೆ, ನಾನೊಬ್ಬ ದಡ್ಡ. ಒಂದು ತುಂಡು ನೋಡಿ ಬಾಯಿಗೆ ಬಂದಿದ್ದು ಮಾತಾಡ್ಬಿಟ್ಟೆ. ಇದನ್ನ ನೋಡಿ, ಚೆನ್ನಾಗಿ ಕಚ್ಕೊಂಡಿತ್ತು. ಇಟ್ಟಿಗೆ ನೆನೆಸೇ ಹಾಕಿದ್ದಾನೆ. ಅಣ್ಣ ಎಲ್ಲಾದ್ರೂ ಮರೀತಾನಾ? ಮೊದ್ಲು ನೋಡಿದ್ದು ಅಂಚಿನ ತುಂಡಿರ್ಬೇಕು."

"ಮತ್ತೆ?"

"ಮತ್ತೇನು, ನೀವು ಹೇಳಿದ್ದೇ ಸರಿ. ಆಮೇಲೆ ನೀರು ಸಾಲ್ದೆ ಹೋಯ್ತು."

ಆಕೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ, ನಂಬಲು ಒಪ್ಪಿಕೊಂಡಳೋ, ಉಸಿರು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದೇ ನಾನೂ ಹೇಳಿದ್ದು" ಎಂದಳು. "ಟೀ ಕುಡೀರಿ, ಆರಿಹೋಗುತ್ತೆ."

ಮಗಳು ಏನೋ ಹೇಳಲು ಬಾಯಿ ತೆರೆದಳು. ಕುಳ್ಳ ಬೇಡವೆಂದು ತಲೆಯಾಡಿಸಿದ. ಅವಳು ಲೋಟ ಎತ್ತಿಕೊಂಡು ಆಚೆ ತಿರುಗಿ ನಿಂತಳು.

ಮರುದಿನ ಗೋಡೆಯ ಪ್ಲಾಸ್ಟರನ್ನೆಲ್ಲ ಕೆಡವಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಉಳಿ ಮುಟ್ಟಿಸಿದರೆ ಸಾಕು, ಪ್ಲಾಸ್ಟರು ತಾನಾಗಿಯೇ ಹಪ್ಪಳದಂತೆ ಏಳುತ್ತಿತ್ತು. ತಾಯಿ ಮುಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತಳು, ಸದ್ದು ನಿಲ್ಲುವವರೆಗೆ ಹಿಂದೆ ಬರಲಿಲ್ಲ. ಕುಳ್ಳ ಇಟ್ಟಿಗೆಗಳನ್ನೆಲ್ಲ ನೋಡಿದ. ಬಿರುಕು ಅವುಗಳವರೆಗೆ ಹೋಗಿರಲಿಲ್ಲ, ಗೋಡೆ ಗಟ್ಟಿಯಾಗಿತ್ತು. ತಂತಿ ಬ್ರಷ್ಷಿನಿಂದ ಪುಡಿ ಉಜ್ಜಿ, ಇನ್ನು ಸಾಕೆನ್ನುವವರೆಗೆ ನೀರು ಕುಡಿಸಿದ. ತೆಳ್ಳನೆಯ ಮೊದಲ ಪದರ ಹಾಕಿ, ಎರಡನೆಯದು ಕಚ್ಚಿಕೊಳ್ಳಲೆಂದು ಅದರ ಮೇಲೆ ಗೀರುಗಳನ್ನೆಳೆದು, ಅದು ಬಿಗಿಯುವವರೆಗೆ ಬಿಟ್ಟ. ಎರಡನೆಯ ಪದರಕ್ಕೆ ಮತ್ತೆ ಬಂದಾಗ ಕೆಳಗಿನ ಅರ್ಧವನ್ನು ಬೇಗ ಮುಗಿಸಿದ. ಮೇಲಿನ ಅರ್ಧಕ್ಕೆ ಡ್ರಮ್ಮುಗಳ ಮೇಲೆ ಹಲಗೆ ಹಾಕಿಕೊಂಡ. ಅಲ್ಲಿ ಕೈ ನಿಧಾನವಾಯಿತು. ಮಾಡಿದ್ದನ್ನೇ ಮತ್ತೆ ಮತ್ತೆ ತೀಡುತ್ತಾ ನಿಂತ.

ಬಿಸಿಲು ಇಳಿಯುವ ಹೊತ್ತಿಗೆ ತಾಯಿ ಹಿತ್ತಿಲಿಗೆ ಬಂದಳು. ಗೋಡೆ ಒದ್ದೆ ಬೂದು ಬಣ್ಣದಲ್ಲಿ, ಒಂದು ಸುಕ್ಕೂ ಇಲ್ಲದೆ, ಕಿಟಕಿಯ ಸುತ್ತ ಹಿಡಿದು ಸೂರಿನವರೆಗೆ ಹಬ್ಬಿತ್ತು. ಆಕೆ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಅವ್ರು ಮಾಡಿದ ಹಾಗೆ ಬರ್ಲಿಲ್ಲ" ಎಂದಳು.

ಕುಳ್ಳ ಹಲಗೆಯ ಮೇಲೆ ಕೂತು ಕರಣೆ ಒರೆಸುತ್ತಿದ್ದ. "ಇಲ್ಲ ಅತ್ತಿಗೆ. ಅಣ್ಣನ ಕೈ ನನಗೆಲ್ಲಿ ಬರುತ್ತೆ."

ಆಕೆ ಹೌದೆಂಬಂತೆ ತಲೆದೂಗಿದಳು. ಗೋಡೆಯ ಹತ್ತಿರ ಹೋಗಿ ಅಂಗೈ ಚಾಚಿದಳು.

"ಮುಟ್ಬೇಡಿ, ಇನ್ನೂ ಹಸಿ ಇದೆ."

ಆಕೆ ಮುಟ್ಟಲಿಲ್ಲ. ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಗೋಡೆಗೂ ಅಂಗೈಗೂ ನಡುವೆ ಬೆರಳಷ್ಟು ಜಾಗ ಬಿಟ್ಟು, ಅದರಿಂದ ಬರುತ್ತಿದ್ದ ತಂಪಿಗೆ ಕೈಯೊಡ್ಡಿ ಹಾಗೆಯೇ ನಿಂತಿದ್ದಳು.