ಹೂಂಗುಟ್ಟಿದ್ದು ಯಾರು?

ಬಸ್ಸಿನ ಕೊನೆಯ ನಿಲ್ದಾಣದ ಆಚೆಗಿನ ಕಾಡಿನಲ್ಲಿ ಯಾರೋ ಹೂಂಗುಟ್ಟುತ್ತಾರೆ ಎಂದು ಮಾವ ಮತ್ತೆ ಹೇಳಿದಾಗ ಸೊಸೆ ತಟ್ಟೆಯಿಂದ ತಲೆಯೆತ್ತಿದಳು. ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದ ಮೇಲೆ ಬೆಳಗಿನ ವಾಕಿಂಗಿನಲ್ಲಿ ಕಿವಿಗೆ ಬಿದ್ದದ್ದೆಲ್ಲ ಊಟದ ಹೊತ್ತಿಗೆ ಮನೆಯಲ್ಲಿ ವರದಿಯಾಗುತ್ತಿತ್ತು.

"ಖಾಲಿ ಬಾಟಲಿ ಬಾಯಿಗೆ ಊದಿದ ಹಾಗೆ ಕಣಮ್ಮಾ. ನಾನು ಹೇಳಿದ್ದಕ್ಕೆಲ್ಲ ಒಪ್ಪಿಕೊಂಡ ಹಾಗೆ."

"ಮನೇಲಿ ಯಾರೂ ಒಪ್ಪಲ್ವಲ್ಲ, ಅದಕ್ಕೇ ಅಲ್ಲಿಗೆ ಹೋಗ್ತಾರೆ," ಎಂದರು ಅತ್ತೆ.

ಸೊಸೆ ನಕ್ಕಳು. ಆದರೆ ತಲೆಗೆ ಹುಳ ಹೊಕ್ಕಾಗಿತ್ತು. ಅವಳದು ಸಣ್ಣ ಫೋಟೋ ಸ್ಟುಡಿಯೋ. ದಿನವಿಡೀ ಬಿಳಿ ಪರದೆಯ ಮುಂದೆ ಕೂತವರಿಗೆ ಗದ್ದ ಎತ್ತಿ, ಕಣ್ಣು ಮಿಟುಕಿಸಬೇಡಿ ಎಂದು ಹೇಳುವುದೇ ಕೆಲಸ. ಆಸೆಪಟ್ಟು ಕೊಂಡ ಉದ್ದ ಲೆನ್ಸು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ರಜೆಯ ದಿನ ಅದನ್ನು ಒರೆಸಿಕೊಂಡು ಮಾವನ ಜೊತೆ ಹೊರಟಳು.

ಕಾಡಿನ ಅಂಚಿನಲ್ಲೇ ಭಾರಿ ಅತ್ತಿಮರವೊಂದಿತ್ತು. ಅದರ ಕೆಳಗೆ ನಿಂತರೆ ಟಪ್ ಟಪ್ ಎಂದು ಹಣ್ಣಿನ ಚೂರುಗಳು ಉದುರುತ್ತಿದ್ದವು. ಗಾಳಿಯಿಲ್ಲ, ಮಂಗವಿಲ್ಲ, ಹಕ್ಕಿಯೂ ಕಾಣಿಸಲಿಲ್ಲ.

"ಮಾವ, ಮರ ತಾನೇ ತಿಂದು ತಾನೇ ಉಗುಳ್ತಿದೆ!"

"ಸುಮ್ನಿರು, ಕೇಳು."

ಹೂಂ... ಹೂಂ... ಸದ್ದು ಎದೆಗೇ ತಾಗುವಂತಿತ್ತು. ಅವಳು ಲೆನ್ಸಿನಲ್ಲಿ ಕೊಂಬೆಕೊಂಬೆಯನ್ನೂ ಹುಡುಕಿದಳು. ಎಲೆ, ಎಲೆ, ಮತ್ತೊಂದು ಎಲೆ. ಆ ಎಲೆಗೆ ಕಣ್ಣಿತ್ತು! ಹಸಿರು ಪಾರಿವಾಳ. ಪಕ್ಕದಲ್ಲಿ ಇನ್ನೊಂದು. ಅವಸರದಲ್ಲಿ ಬಟನ್ ಒತ್ತಿದಳು. ಒಂದು ಹೆಜ್ಜೆ ಮುಂದಿಟ್ಟದ್ದೇ ತಡ, ಒಣಕಡ್ಡಿ ಲಟಕ್ಕೆಂದಿತು. ಮರದಿಂದ ದೊಡ್ಡ ಹಿಂಡೇ ಪಟಪಟನೆ ಎದ್ದು ಹೋಯಿತು. ಕ್ಯಾಮೆರಾದಲ್ಲಿ ಉಳಿದದ್ದು ಹಸಿರು ಮಸುಕು ಮಾತ್ರ.

"ಹೋಯ್ತು," ಎಂದಳು ಅಳುಮೋರೆ ಮಾಡಿ. "ಎಲ್ಲಾ ನನ್ನಿಂದಲೇ."

"ಎಲ್ಲಿ ಹೋಯ್ತು? ಅದಿನ್ನೂ ಮಾತಾಡ್ತಿದೆಯಲ್ಲ."

ಹೌದು, ಹಸಿರು ಹಕ್ಕಿಗಳು ಹಾರಿಹೋದರೂ ಹೂಂಕಾರ ನಿಂತಿರಲಿಲ್ಲ. ಅಂದರೆ ಇದು ಬೇರೆ ಯಾರೋ! ಮಾವ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಬೆರಳನ್ನು ನಿಧಾನವಾಗಿ ಮೇಲೆತ್ತಿದರು. ಇಬ್ಬರ ನೆತ್ತಿಯ ನೇರಕ್ಕೆ, ದಪ್ಪ ಕೊಂಬೆಯ ಮೇಲೆ, ಕೋಳಿಯಷ್ಟು ದೊಡ್ಡ ಬೂದುಬಣ್ಣದ ಪಾರಿವಾಳ ಕೂತಿತ್ತು. ಕತ್ತು ಉಬ್ಬಿಸಿ ಹೂಂ ಎಂದಿತು. ಆಮೇಲೆ ಬಗ್ಗಿ, ತನ್ನ ತಲೆಯಷ್ಟೇ ಇದ್ದ ಹಣ್ಣೊಂದನ್ನು ಕಿತ್ತಿತು. ಕೊಕ್ಕು ಹಿಗ್ಗಿತು, ಇನ್ನೂ ಹಿಗ್ಗಿತು. ಈ ಸಲ ಅವಳು ಉಸಿರು ಬಿಗಿಹಿಡಿದು, ಇದ್ದಲ್ಲಿಂದ ಅಲ್ಲಾಡದೆ ಕ್ಲಿಕ್ಕಿಸಿದಳು. ಹಣ್ಣು ಗುಳುಂ!

ಸ್ಟುಡಿಯೋದ ದೊಡ್ಡ ಕಂಪ್ಯೂಟರ್ ಪರದೆಯಲ್ಲಿ ಮಾವ ಮೂಗು ತಾಗುವಷ್ಟು ಹತ್ತಿರದಿಂದ ಆ ಫೋಟೋ ನೋಡಿದರು. ಕೊಕ್ಕಿನಲ್ಲಿ ಸಿಕ್ಕಿಕೊಂಡ ಹಣ್ಣು, ಗಾಬರಿಯೇ ಇಲ್ಲದ ಕೆಂಪು ಕಣ್ಣು.

"ಇಷ್ಟು ಚೆನ್ನಾಗಿದ್ದಾನಾ ಇವನು," ಎಂದರು. "ಅಲ್ಲಮ್ಮಾ, ಹಣ್ಣೇನೋ ಒಳಗೆ ಹೋಯ್ತು. ಬೀಜ ಎಲ್ಲಿ ಬೀಳಿಸ್ತಾನೆ?"

ಅವಳಿಗೂ ಗೊತ್ತಿರಲಿಲ್ಲ. "ಮುಂದಿನ ರಜೆಗೆ ಅವನ ಹಿಂದೆ ಬಿದ್ದು ನೋಡೋಣ ಮಾವ," ಎಂದು ಬ್ಯಾಟರಿಯನ್ನು ಚಾರ್ಜಿಗೆ ಹಾಕಿದಳು.