ಎರಡು ಹಿಡಿಯ ಹಲಗೆ

ನನ್ನ ಹೆಂಡತಿ ಕಾರ್ ಶೆಡ್ಡಿನಲ್ಲಿ ದೋಣಿ ಕಟ್ಟಲು ಹೊರಟಾಗ ನಾನು ನಕ್ಕಿದ್ದು ನಿಜ. “ಎಲ್ಲಿ ಬಿಡ್ತೀಯಾ, ಬಕೆಟ್ಟಲ್ಲಾ?” ಎಂದು ಕೇಳಿದ್ದೂ ನಿಜ. ಹಾಗಂತ ಅವಳು ಪಾಲಿಶ್ ಭಾವನನ್ನು ಕರೆಸಬೇಕಾಗಿರಲಿಲ್ಲ.

ಪಾಲಿಶ್ ಭಾವ ಅವಳ ಸೋದರಮಾವನ ಮಗ. ಹಳೆಯ ಮೇಜು, ಕುರ್ಚಿ, ಮಂಚಗಳನ್ನು ಹೆರೆದು ಉಜ್ಜಿ ಹೊಸದು ಮಾಡಿಕೊಡುವುದು ಅವನ ಕಸುಬು. ಹೆಸರು ಬಂದದ್ದೂ ಅದರಿಂದಲೇ. ಒಂದು ಕಾಲದಲ್ಲಿ ಇವಳನ್ನು ಅವನಿಗೇ ಕೊಡುವ ಮಾತಿತ್ತಂತೆ. ಮಾತು ಮಾತಾಗಿಯೇ ಉಳಿಯಿತು, ನನ್ನ ಪುಣ್ಯ. ಅವನಿಗೆ ಇನ್ನೂ ಮದುವೆಯಾಗಿಲ್ಲ. ಯಾಕೆ ಎಂದು ಊರೆಲ್ಲ ಕೇಳುತ್ತದೆ, ನಾನೊಬ್ಬ ಕೇಳುವುದಿಲ್ಲ. ಸಂಬಂಧದ ಲೆಕ್ಕದಲ್ಲಿ ತಾನು ನನಗೆ ಅಣ್ಣನಾಗಬೇಕು ಎಂದು ಅವನೇ ತೀರ್ಮಾನ ಮಾಡಿಕೊಂಡು ನನ್ನನ್ನು ‘ತಮ್ಮಾ’ ಎಂದು ಕರೆಯುತ್ತಾನೆ. ಪ್ರತಿ ಸಲವೂ ನನಗೆ ಮೈಯೆಲ್ಲ ಉರಿಯುತ್ತದೆ.

ಅವಳು ಶಾಲೆಯಲ್ಲಿ ಈಜು ಕಲಿಸುವವಳು. ನನ್ನದು ಕನ್ನಡಕದ ಅಂಗಡಿ. ನೀರು ಅಂದರೆ ಅವಳಿಗೆ ಪ್ರಾಣ, ನನಗೆ ನೆಗಡಿ. ಪ್ಲೈವುಡ್ ಹಾಳೆಗಳನ್ನು ಬಗ್ಗಿಸಿ, ತಂತಿಯಿಂದ ಹೊಲಿದು, ಅಂಟಿಸಿ ಅವಳು ದೋಣಿಗೊಂದು ರೂಪ ತಂದಾಗ ನನ್ನ ನಗು ನಿಂತಿತು. ಅದು ಶೆಡ್ಡಿನಲ್ಲಿ ಬೋರಲಾಗಿ ಮಲಗಿತ್ತು. ನಾನೂ ಕೈ ಜೋಡಿಸೋಣ ಎಂದು ಒಂದು ದಿನ ಅವಳಿಲ್ಲದಾಗ ಪಕ್ಕದ ಮನೆಯಿಂದ ಉಜ್ಜುವ ಯಂತ್ರ ತಂದು ಅದರ ಬೆನ್ನ ಮೇಲೆ ಒತ್ತಿ ಹಿಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗೈಯಗಲದ ಗುಂಡಿ ಬಿತ್ತು.

ಅವಳು ಬಂದು ನೋಡಿದಳು. ಬೈಯಲಿಲ್ಲ. “ಎಡಚ್ರು ಎಡವಟ್ಟು ಮಾಡ್ದೆ ಇನ್ನೇನ್ ಮಾಡ್ತಾರೆ,” ಎಂದು ನಕ್ಕು ಗುಂಡಿಗೆ ಪುಟ್ಟಿ ಮೆತ್ತಿದಳು. ನಾನು ಎಡಗೈಯವನು, ಮದುವೆಯಾದಾಗಿನಿಂದ ಇದೇ ತಮಾಷೆ. ಮಾರನೆಯ ವಾರ ಭಾವ ಬಂದ. ಅವನು ಬಂದ ಮೇಲೆ ನಾನು ಶೆಡ್ಡಿಗೆ ಕಾಲಿಡಲಿಲ್ಲ. ಕರೆಯಲಿ, ಆಮೇಲೆ ನೋಡೋಣ ಎಂದು ಬಿಗಿದುಕೊಂಡು ಕೂತೆ.

ಕರೆದಳು, ಆದರೆ ಸಾಮಾನಿನ ಅಂಗಡಿಗೆ, ಚೀಲ ಹಿಡಿಯಲು. ಉಜ್ಜುವ, ಹೆರೆಯುವ ಸಲಕರಣೆ ಆರಿಸಬೇಕಿತ್ತು. ಅವರಿಬ್ಬರೂ ಮುಂದೆ, ನಾನು ಹಿಂದೆ. ಭಾವ ಅಂಗಡಿಯ ಒಂದೊಂದು ಯಂತ್ರವನ್ನೂ ಎತ್ತಿ ಅವಳ ಕೈಗಿಟ್ಟು, “ಭಾರ ನೋಡು. ಬರೀ ಐದ್ ನಿಮಿಷ ಅಲ್ಲ, ಬೆಳಗ್ಗಿಂದ ಸಂಜೆ ತನಕ ಹಿಡೀಬೇಕು,” ಎಂದ. ಅವಳು ಬೇಡವೆಂದದ್ದನ್ನು ಕೆಳಗಿಟ್ಟು ಇನ್ನೊಂದು ಎತ್ತಿದ. ಕೊನೆಗೆ ಸಣ್ಣ ದುಂಡು ತಳದ ಸ್ಯಾಂಡರ್ ಒಂದು ಅವಳಿಗೆ ಒಪ್ಪಿಗೆಯಾಯಿತು. ಹೇಗೆ ಹಿಡಿಯಬೇಕೆಂದು ತೋರಿಸಲು ಅವನು ಅವಳ ಮಣಿಕಟ್ಟು ಹಿಡಿದುಕೊಂಡ.

“ಒತ್ತಬಾರ್ದು. ಅದರ ಭಾರ ಅದಕ್ಕೇ ಸಾಕು. ನೀನು ಸುಮ್ನೆ ಜೊತೇಲಿ ಹೋಗು, ಅಷ್ಟೆ,” ಎಂದ.

ಮಣಿಕಟ್ಟು ಬಿಡಲು ಅವನಿಗೆ ಅಷ್ಟು ಹೊತ್ತು ಯಾಕೆ ಬೇಕಾಯಿತೋ ದೇವರೇ ಬಲ್ಲ. ನಾನು ಸ್ಯಾಂಡ್‌ಪೇಪರಿನ ಕಟ್ಟುಗಳ ಮುಂದೆ ನಿಂತು ಒರಟಿನದು, ನಯದ್ದು ಎಂದು ಬೆರಳಾಡಿಸುತ್ತ ಒಳಗೊಳಗೇ ಕುದಿಯುತ್ತಿದ್ದೆ.

ಆಮೇಲೆ ಹೆರೆಯುವ ತಗಡುಗಳು. ಅಂಟು ಸೋರಿ ಗಟ್ಟಿಯಾದ ಕಡೆ ಯಂತ್ರ ಹಾಕಿದರೆ ಕಾಗದ ಮೆತ್ತಿಕೊಳ್ಳುತ್ತದೆ, ಮೊದಲು ತಗಡಿನಿಂದ ಹೆರೆದು ತೆಗೆಯಬೇಕಂತೆ. ಬಯಲಿಗೆ ನೇರ ಅಂಚಿನದು, ಮೂಲೆಗೆ ದುಂಡು ಅಂಚಿನದು. “ಇದು ಹೇಗೆ?” ಎಂದು ನಾನೂ ಒಂದನ್ನು ಎತ್ತಿ ತೋರಿಸಿದೆ. ಭಾವ ನೋಡಿ, “ತಮ್ಮಾ, ಅದು ಗೋಡೆಗೆ ಸುಣ್ಣ ಕೆರೆಯೋದು,” ಎಂದ. ಅಂಗಡಿಯವನು ನಕ್ಕ. ಅವಳೂ ನಕ್ಕಳು. ಅವಳ ನಗುವನ್ನು ನಾನು ಇಂದಿಗೂ ಮರೆತಿಲ್ಲ.

ಮುಂದಿನ ಭಾನುವಾರಗಳಲ್ಲಿ ನಾನು ಅಡುಗೆಮನೆಯ ಕಿಟಕಿಯಿಂದ ಶೆಡ್ಡಿನ ಸದ್ದು ಕೇಳಿದೆ. ಮೊದಲು ತಗಡಿನ ಕರಕರ, ಆಮೇಲೆ ಯಂತ್ರದ ಗುಯ್ ಗುಯ್. ಸದ್ದು ನಿಂತರೆ ಇನ್ನೂ ಕಷ್ಟ. ಏನು ಮಾತಾಡುತ್ತಿರಬಹುದು ಎಂದು ಕಿವಿ ನಿಮಿರುತ್ತಿತ್ತು. ಒಮ್ಮೆ ಟೀ ಕೊಡುವ ನೆಪದಲ್ಲಿ ಹೋದೆ. ಗೋಡೆಯ ಮೊಳೆಗೆ ಹೊಸದೊಂದು ಸಲಕರಣೆ ನೇತಾಡುತ್ತಿತ್ತು. ತೆಳ್ಳಗಿನ ಉದ್ದ ಹಲಗೆ, ಬಗ್ಗಿಸಿದರೆ ಬಗ್ಗುವಂಥದ್ದು, ಅಡಿಗೆ ಸ್ಯಾಂಡ್‌ಪೇಪರ್ ಅಂಟಿಸಿದೆ. ಎರಡು ತುದಿಗೂ ಒಂದೊಂದು ಮರದ ಹಿಡಿ.

“ಸಣ್ಣ ಮಿಷನ್ನು ಗುಂಡಿ ಬಂದ್ರೆ ಗುಂಡಿಯೊಳಗೇ ಇಳಿಯತ್ತೆ, ಉಬ್ಬು ಬಂದ್ರೆ ಹತ್ತತ್ತೆ,” ಎಂದಳು ಅವಳು. “ಮೈ ಸಾಪಾಗ್ಬೇಕಂದ್ರೆ ಈ ಹಲಗೇನೇ ಬೇಕು. ಇಬ್ಬರು ಎರಡು ಕಡೆ ಹಿಡ್ಕೊಂಡು ಉಜ್ಜಬೇಕು. ಒಬ್ಬರಿಗೆ ಆಗಲ್ಲ.”

ಇಬ್ಬರು. ಸರಿ. ನಾನು ಹಿಡಿಗಳನ್ನು ನೋಡಿದೆ. ಒಂದು ನೆಟ್ಟಗಿತ್ತು, ಇನ್ನೊಂದು ಸೊಟ್ಟಗೆ ಒಂದು ಪಕ್ಕಕ್ಕೆ ವಾಲಿತ್ತು. ಭಾವನ ಕೈಯೇ ಸೊಟ್ಟ ಇರಬೇಕು ಎಂದುಕೊಂಡೆ.

“ಈ ಭಾನುವಾರ ಹಲಗೆ ಹಾಕೋಣಾಂತ. ನೀವು ಮನೇಲಿರ್ತೀರಲ್ಲ?” ಎಂದಳು.

ನಾನು ಮನೆಯಲ್ಲಿದ್ದರೆ ಅವರಿಗೆ ತೊಂದರೆಯೇನೋ. “ನಾನಿದ್ರೇನು, ಬಿಟ್ರೇನು?” ಎಂದೆ.

ಅವಳು ಟೀ ಲೋಟ ತೆಗೆದುಕೊಂಡು ದೋಣಿಯ ಕಡೆ ತಿರುಗಿದಳು.

ಶನಿವಾರ ಅಂಗಡಿಗೆ ಬೇಗ ಬೀಗ ಹಾಕಿ ನಾನೊಬ್ಬನೇ ಸಾಮಾನಿನ ಅಂಗಡಿಗೆ ಹೋದೆ. ಉದ್ದ ಹಲಗೆಯ ಕೆಲಸವನ್ನು ಒಬ್ಬರೇ ಮಾಡುವಂಥ ಯಂತ್ರ ಇದೆಯೇ ಎಂದು ಕೇಳಿದೆ. ಇತ್ತು. ಉದ್ದ ತಳದ್ದು, ಹಿಂದೆ ಮುಂದೆ ಓಡುವಂಥದ್ದು, ಧೂಳು ಹೀರುವ ಚೀಲ ಬೇರೆ. ಅಂಗಡಿಯವನು ಅದನ್ನು ಡಬ್ಬದಿಂದ ತೆಗೆಯುವಾಗಲೇ ನನಗೆ ಭಾವನ ಮುಖ ಸಣ್ಣದಾದದ್ದು ಕಣ್ಣ ಮುಂದೆ ಬಂತು. ದಾರಿಯುದ್ದಕ್ಕೂ ಆ ಭಾರದ ಡಬ್ಬವನ್ನು ಕೂಸಿನಂತೆ ತಬ್ಬಿಕೊಂಡು ಬಂದೆ.

“ತಗೋ. ಇನ್ನು ಯಾರ ಹಂಗೂ ಬೇಡ,” ಎಂದೆ. “ಆ ಹಲಗೆ ಕೆಲಸ ನೀನೊಬ್ಳೇ ಮಾಡ್ಬಹುದು.”

ಅವಳು ಡಬ್ಬದ ಮೇಲಿನ ಚಿತ್ರ ನೋಡಿದಳು. “ಒಬ್ಳೇನಾ?”

“ಒಬ್ಳೇ. ಇನ್ನೊಬ್ಬರು ಬೇಕಾಗೇ ಇಲ್ಲ.”

“ಒಳ್ಳೇದಾಯ್ತು,” ಎಂದಳು. ಡಬ್ಬ ಎತ್ತಿಕೊಂಡು ಶೆಡ್ಡಿಗೆ ಹೋದಳು. ಅಷ್ಟೊಂದು ಖುಷಿಪಡಲಿಲ್ಲವಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಭಾವನನ್ನು ಬಿಟ್ಟು ಕೊಡುವುದು ಕಷ್ಟವಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಖುಷಿ ಇಮ್ಮಡಿಯಾಯಿತು.

ಭಾನುವಾರ ಎಂದಿನ ಹೊತ್ತಿಗೆ ಭಾವ ಬರಲಿಲ್ಲ. ಬೆಳಗಿನಿಂದ ಹೊಸ ಯಂತ್ರದ ಸದ್ದೊಂದೇ. ನಾನು ಪೇಪರ್ ಓದುತ್ತ ಹಾಡೊಂದನ್ನು ಗುನುಗುತ್ತಿದ್ದೆ. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಗಿ ತೆರೆದರೆ ಅವನೇ.

“ಉಳಿ ಬಿಟ್ಟು ಹೋಗಿದ್ದೆ, ತಗೊಂಡ್ ಹೋಗೋಣಾಂತ,” ಎಂದವನು ಶೆಡ್ಡಿನ ಕಡೆ ಕಿವಿಗೊಟ್ಟ. “ಅದೇನು ಸದ್ದು? ನೀವಿಬ್ರೂ ಹಲಗೆ ಹಾಕ್ತಿಲ್ವಾ?”

“ಹೊಸ ಮಿಷನ್ ತಂದ್ಕೊಟ್ಟೆ. ಒಬ್ಳೇ ಮಾಡ್ತಿದ್ದಾಳೆ,” ಎಂದೆ ಎದೆಯುಬ್ಬಿಸಿ. ಆಮೇಲೆ ಅವನ ಮಾತು ಕಿವಿಗೆ ಸರಿಯಾಗಿ ಬಿತ್ತು. “ನಾವಿಬ್ರೂನಾ?”

“ಮತ್ತಿನ್ಯಾರು? ತಮ್ಮಾ, ಆ ಎಡಗೈ ಹಿಡಿಗೆ ನನ್ನ ಪ್ರಾಣ ತಿಂದ್ಲು ಅವಳು. ಹೆಬ್ಬೆರಳು ಇಲ್ಲಿ ಕೂರಲ್ಲ, ಅವರ ಕಿರುಬೆರಳು ಗಿಡ್ಡ, ಅಲ್ಲಿ ಇನ್ನೂ ಹೆರೆ ಅಂತ. ನಾನು ಹಿಡಿದು ನೋಡಿದ್ರೆ ಕೈಗೇ ಹತ್ತಲ್ಲ ಅದು. ನಂದು ಬಲಗೈ ನೋಡು.” ಅವನು ಬಲಗೈಯನ್ನು ಎತ್ತಿ ತೋರಿಸಿದ.

ನಾನು ಶೆಡ್ಡಿಗೆ ಹೋದೆ. ಹಲಗೆ ಮೊಳೆಗೇ ನೇತಾಡುತ್ತಿತ್ತು. ಅದರ ಒಂದು ತುದಿಯಲ್ಲಿ ಹಿಡಿ ಇರಲಿಲ್ಲ, ಸ್ಕ್ರೂ ಬಿಚ್ಚಿದ ತೂತುಗಳಿದ್ದವು. ಕೆಳಗೆ ಮರದ ಚೂರುಗಳ ಬುಟ್ಟಿಯಲ್ಲಿ ಕೈಯಾಡಿಸಿದಾಗ ಅದು ಸಿಕ್ಕಿತು. ಎಡಗೈಯಲ್ಲಿ ಹಿಡಿದೆ. ಹೆಬ್ಬೆರಳು ತಾನಾಗಿಯೇ ಒಂದು ತಗ್ಗಿನಲ್ಲಿ ಹೋಗಿ ಕೂತಿತು. ಕಿರುಬೆರಳಿಗೂ ಜಾಗವಿತ್ತು. ಕತ್ತರಿಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲದರ ಜೊತೆಗೂ ಗುದ್ದಾಡಿಕೊಂಡು ಬಂದ ಕೈ ನನ್ನದು. ಅದರ ಅಳತೆಗೆ ಯಾರೂ ಏನನ್ನೂ ಮಾಡಿಸಿದ್ದಿಲ್ಲ.

ಅವಳು ಬಾಯಿಗೆ ಮಾಸ್ಕ್, ಕಿವಿಗೆ ಮುಚ್ಚಳ ಹಾಕಿಕೊಂಡು ಬೆನ್ನು ಮಾಡಿ ನಿಂತಿದ್ದಳು. ಕೂಗಿದೆ, ಕೇಳಿಸಲಿಲ್ಲ. ಗೋಡೆಯ ಸ್ವಿಚ್ ಆರಿಸಿದೆ. ತಿರುಗಿದಳು. ನಾನು ಹಿಡಿಯನ್ನು ಮೇಲೆತ್ತಿ ತೋರಿಸಿದೆ.

“ಇದರ ಸ್ಕ್ರೂ ಎಲ್ಲಿಟ್ಟಿದ್ದೀಯಾ?”

ಅವಳು ಹಿಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ದೋಣಿಯನ್ನು ನೋಡಿದಳು. ಉಬ್ಬುತಗ್ಗು ಗೊತ್ತಾಗಲೆಂದು ಅವಳು ಅದರ ಮೈತುಂಬ ಗೀಚಿದ್ದ ಪೆನ್ಸಿಲ್ ಗೆರೆಗಳು ಎಲ್ಲ ಕಡೆ ಅಳಿಸಿಹೋಗಿದ್ದವು. ನಾನು ಗುಂಡಿ ಬೀಳಿಸಿದ್ದ ಜಾಗದಲ್ಲಿ ಮಾತ್ರ ಇನ್ನೊಂದಿಷ್ಟು ಉಳಿದಿದ್ದವು.

“ಇನ್ನು ಒಂದು ಮೊಳ ಅಷ್ಟೇ,” ಎಂದಳು ಮಾಸ್ಕಿನೊಳಗಿಂದ. “ಅಷ್ಟಕ್ಕೆ ಇಬ್ಬರು ಯಾಕೆ, ಬಿಡಿ.”

ಅವಳೇ ಬಂದು ಸ್ವಿಚ್ ಹಾಕಿ ಹಿಂದಿರುಗಿದಳು. ನಾನು ಎಡಗೈಯಲ್ಲಿ ಹಿಡಿ ಹಿಡಿದುಕೊಂಡು ನಿಂತು ಆ ಗೆರೆಗಳು ಒಂದೊಂದಾಗಿ ಹೋಗುವುದನ್ನು ನೋಡಿದೆ. ನಾನು ತಂದ ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.