ಎರಡನೇ ಪಂಪಿನ ಮೇಲಿನ ಹೆಸರು

ನಾಲತವಾಡದ ಆಚೆ, ಹೊಳೆದಂಡೆಯ ಏತ ನೀರಾವರಿ ಪಂಪ್‌ಹೌಸಿನಲ್ಲಿ ಮೂರು ಪಂಪು. ಇಪ್ಪತ್ತೆರಡು ವರ್ಷಗಳಿಂದ ಮೂರರ ಮೇಲೂ ಸೀಮೆಸುಣ್ಣದಲ್ಲಿ ಒಂದೇ ಹೆಸರಿತ್ತು: ಧೂಳಪ್ಪ. ಶಾಫ್ಟ್ ತಿರುಗುವ ಜಾಗದಿಂದ ನೀರು ಚಿಮ್ಮದಂತೆ, ಹೆಣೆದ ಡೋರಿಯನ್ನು ಬಳೆಬಳೆಯಾಗಿ ಕತ್ತರಿಸಿ ತುಂಬುತ್ತಾರಲ್ಲ, ಹಾಗೆ ತುಂಬಿದವರು ಪಂಪಿನ ಮೇಲೆ ಹೆಸರು ಬರೆಯಬೇಕು. ಆ ಡೋರಿ ಸವೆಯುವವರೆಗೆ ಬೇರೆ ಯಾರೂ ಅದನ್ನು ಒತ್ತಿ ಹಿಡಿಯುವ ನಟ್ಟು ಮುಟ್ಟುವಂತಿಲ್ಲ. ಈ ರಿವಾಜು ಹಾಕಿದವನೂ ಧೂಳಪ್ಪನೇ.

ಹೋದ ವಾರ ಎರಡನೇ ಪಂಪಿನ ಮೇಲೆ ಬೇರೆ ಹೆಸರು ಬಂತು. ಸುನಂದಾ. ಇಂಡಿ ತಾಲೂಕಿನಿಂದ ವರ್ಗವಾಗಿ ಬಂದ ಫಿಟ್ಟರ್, ಮೂವತ್ತರ ಹೆಣ್ಣುಮಗಳು.

ಧೂಳಪ್ಪ ಮೊಸರಲ್ಲಿ ಕಲ್ಲು ಹುಡುಕಿದ. ಸಿಗಲಿಲ್ಲ. ಒಂದು ಬಳೆಯ ಸೀಳು ಇನ್ನೊಂದರ ಮೇಲೆ ಬರದಂತೆ ನೀಟಾಗಿ ಕೂರಿಸಿದ್ದಳು. ಡೋರಿ ಪೂರ್ತಿ ಒಣಗಬಾರದು, ಹನಿ ಬೀಳುತ್ತಿದ್ದರೇ ಅದಕ್ಕೆ ತಂಪು. ಅವಳ ಪಂಪಿನಿಂದ ಗಡಿಯಾರ ಇಟ್ಟು ಎಣಿಸಿದಂತೆ ಹನಿ ಬೀಳುತ್ತಿತ್ತು. ನೀರು ಬಳಕೆದಾರರ ಸಂಘದ ಅಧ್ಯಕ್ಷ ಯಂಕಪ್ಪ ಬಂದು ನೋಡಿದವನೇ, "ಏನ್ ಕೈರಿ ಅಕ್ಕಾರ ನಿಮ್ಮದು! ಧೂಳಪ್ಪಾ, ನಿನ್ನ ಪಂಪಿನ ಕೆಳಗ ಎಮ್ಮಿ ಮೈ ತೊಳೀಬಹುದಲ್ಲೋ," ಎಂದ. ಎಲ್ಲರೂ ನಕ್ಕರು. ಧೂಳಪ್ಪನೂ ನಕ್ಕ, ಹೊಟ್ಟೆಯೊಳಗೆ ಕಿಚ್ಚು ಹಚ್ಚಿಕೊಂಡು.

ಮನೆಯಲ್ಲಿ ಹೆಂಡತಿ ರೇವವ್ವ, "ಹೊಸಾಕಿ ಭಾಳ ಶ್ಯಾಣ್ಯಾ ಅದಾಳಂತ?" ಎಂದಾಗ ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ. ಸುನಂದಾಳ ಕೆಲಸ ಹೋಗಲಿ ಎಂದೇನೂ ಅವನು ಬಯಸಲಿಲ್ಲ. ಆ ಹೆಸರು ಅಳಿಯಬೇಕು, ಅಷ್ಟೇ.

ಗುರುವಾರ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಸುನಂದಾ ಬುತ್ತಿ ಬಿಚ್ಚಲು ಬೇವಿನ ಗಿಡದ ಕೆಳಗೆ ಹೋದಳು. ಧೂಳಪ್ಪ ಪಾನಾ ತೆಗೆದುಕೊಂಡು ಎರಡನೇ ಪಂಪಿನ ಎರಡೂ ನಟ್ಟುಗಳನ್ನು ಒಂದೊಂದು ಸುತ್ತು ಬಿಗಿದ. ತಾನೇ ಹಾಕಿದ ರಿವಾಜು ತಾನೇ ಮುರಿದ.

ಮೂರು ಗಂಟೆಗೆ ಪಂಪು ಎದ್ದವು. ಸುನಂದಾ ಕಾಲುವೆಗೆ ನೀರು ಬೀಳುವುದನ್ನು ನೋಡಲು ಹೋಗಿದ್ದಳು. ಹನಿ ನಿಂತಿತ್ತು. "ಅಬಾಬಾ, ಒಂದ ಹನೀನೂ ಇಲ್ಲಲ್ಲರಿ!" ಎಂದು ಯಂಕಪ್ಪ ಅವಳನ್ನು ಮತ್ತಷ್ಟು ಹೊಗಳಿದ. ಹೊಗಳು ಮಗನೇ, ಹೊಗಳು, ಎಂದುಕೊಂಡ ಧೂಳಪ್ಪ.

ಆಮೇಲೆ ವಾಸನೆ ಬಂತು. ಡೋರಿ ಸುಡುವ ವಾಸನೆ. ಅಲ್ಲಿದ್ದವರಲ್ಲಿ ಅದು ಮೊದಲು ಗೊತ್ತಾದದ್ದು ಅವನ ಮೂಗಿಗೆ. ಇನ್ನು ಸ್ವಲ್ಪ ಸುಮ್ಮನಿದ್ದರೆ ಸಾಕಿತ್ತು, ಶಾಫ್ಟ್ ಕೆಟ್ಟು ಅವಳ ಹೆಸರು ಅಳಿಯುತ್ತಿತ್ತು. ಆದರೆ ಆ ಶಾಫ್ಟ್ ಕೂರಿಸಿದವನು ಅವನೇ, ಮಗಳ ಮದುವೆಯ ಹಿಂದಿನ ದಿನವೂ ಬಂದು ಅದಕ್ಕೆ ಡೋರಿ ತುಂಬಿದವನು. ಕಾಲು ಅವನನ್ನು ಕೇಳದೆ ಓಡಿದವು. ಗಡಬಡಿಸಿ ನಟ್ಟು ಸಡಿಲಿಸಿದ. ಕುದಿನೀರು ಚಿಮ್ಮಿ ಮಣಿಕಟ್ಟು ಸುಟ್ಟಿತು.

ಸುನಂದಾ ಓಡಿ ಬಂದಳು. ಮುಖ ಸಣ್ಣದಾಗಿತ್ತು.

"ತಪ್ಪು ನಂದರಿ. ಮುಂಜಾನಿ ನಾನ ಜಾಸ್ತಿ ಬಿಗದಿರಬೇಕು. ಕಾಕಾ ಇರಲಿಲ್ಲಂದ್ರ ಶಾಫ್ಟ್ ಹೋಗತಿತ್ತು," ಎಂದು ಎಲ್ಲರೆದುರು ಹೇಳಿ, ತನ್ನ ಹೆಸರು ಒರೆಸಿ, ಅಲ್ಲೇ ಧೂಳಪ್ಪ ಎಂದು ಬರೆದಳು.

ಬೇಕಾದದ್ದು ಸಿಕ್ಕಿತ್ತು. ಆದರೆ ಆ ಹೆಸರನ್ನು ನೋಡಲು ಅವನಿಂದ ಆಗಲಿಲ್ಲ. ಹೆಗಲ ಟವೆಲಿನಿಂದ ಅದನ್ನು ಉಜ್ಜಿ, ಸೊಟ್ಟ ಅಕ್ಷರದಲ್ಲಿ ಸುನಂದಾ ಎಂದು ಮತ್ತೆ ಬರೆದ.

"ಎಂಥಾ ದೊಡ್ಡ ಮನಸೋ ನಿಂದು!" ಎಂದ ಯಂಕಪ್ಪ.

"ಮನಸಿಗೆ ಬೆಂಕಿ ಹತ್ತಲಿ!" ಧೂಳಪ್ಪ ಕೂಗಿಬಿಟ್ಟ. "ಬಿಗದಾವ ನಾನ ಅದೇನಿ. ಆಕಿ ಹೆಸರು ನೋಡಾಕ ಆಗಲಿಲ್ಲ ನನಗ."

ಸುನಂದಾ ಅವನ ಕೈಯಿಂದ ಪಾನಾ ತೆಗೆದುಕೊಂಡಳು, ನಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದಳು, ಬಗ್ಗಿ ಹನಿ ಎಣಿಸಿದಳು.

"ಕೈಗೆ ಎಣ್ಣಿ ಹಚಗೋರಿ ಕಾಕಾ," ಎಂದಳು ತಿರುಗಿ ನೋಡದೆ. "ಮತ್ತ ಇನ್ಮ್ಯಾಲ ನನ್ನ ಪಂಪ ಮುಟ್ಟಬ್ಯಾಡ್ರಿ."

ಧೂಳಪ್ಪ ತಲೆಯಾಡಿಸಿದ. ನನ್ನ ಪಂಪ, ಎಂದಳಲ್ಲ ಅವಳು. ನಾಚಿಕೆಯಿಂದ ನೆಲ ನೋಡುತ್ತಿದ್ದಾಗಲೂ, ಸುಟ್ಟ ಕೈಗಿಂತ ಆ ಮಾತೇ ಹೆಚ್ಚು ಉರಿಯಿತು.